ಗಿಡ್ಡವಾದ ಸುರುಳಿ

"ಇನ್ನೂರಿಪ್ಪತ್ತು ವೋಲ್ಟು, ಇಪ್ಪತ್ತೆರಡು ಆಂಪಿಯರು," ರಿಪೇರಿಗೆ ಬಂದಿದ್ದ ಮೆತಾಸೆಬಿಯಾ ಮೀಟರು ನೋಡಿದಳು. "ಗುಣಿಸಿದ್ರೆ ನಾಲ್ಕು ಸಾವಿರದ ಎಂಟುನೂರ ನಲವತ್ತು ವ್ಯಾಟು! ಅದಕ್ಕೇ ಫ್ಯೂಸ್ ಹೋಗ್ತಿರೋದು."

ನಾಳೆ ಹೊಸವರ್ಷ, ಮನೆತುಂಬ ನೆಂಟರು. ತಿರುನೇಶ್ ಹಿಟ್ಟು ಚೆಲ್ಲಿಯೇ ಇಂಜೆರಾ ಎಂಬ ಅಗಲದ ಹುಳಿದೋಸೆ ಹುಯ್ಯುವ ಕರೆಂಟ್ ಒಲೆ ಕೆಡಿಸಿದಳೆಂದು ಗಂಡ ಗೆಜಹೇನ್ ವಾರದಿಂದ ಹಂಗಿಸುತ್ತಿದ್ದ.

"ಹಿಟ್ಟಿನ ತಪ್ಪಲ್ಲಕ್ಕಾ. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ತಂತಿಯ ತಡೆ ಹತ್ತೇ ಓಮು. ಹದಿನೈದಿರ್ಬೇಕಿತ್ತು. ಯಾರೋ ಒಲೆಯೊಳಗಿನ ಕಾಯೋ ತಂತಿಯ ಸುರುಳಿ ಕತ್ತರಿಸಿದಾರೆ. ಗಿಡ್ಡವಾದಷ್ಟೂ ಕರೆಂಟು ಜಾಸ್ತಿ ಎಳೆಯುತ್ತೆ."

ಗೆಜಹೇನ್ ಕೆಮ್ಮಿದ. "ಸುಟ್ಟ ಭಾಗ ತೆಗೆದು ನಾನೇ ಜೋಡಿಸ್ದೆ. ಒಂದು ಚೂರು ಅಷ್ಟೇ."

"ಚೂರಲ್ಲಣ್ಣಾ, ಮೂರರಲ್ಲೊಂದು ಪಾಲು!"

ತಿರುನೇಶ್ ನಗು ತಡೆಯಲಾರದೆ ಅಲ್ಲೇ ಕುಳಿತುಬಿಟ್ಟಳು. ಹೊಸ ಸುರುಳಿ ಕೂತ ಮೇಲೆ ಮೊದಲ ಇಂಜೆರಾ ಹುಯ್ದವನು ಗೆಜಹೇನ್. ಅದು ಸೊಟ್ಟಪಟ್ಟಗಿತ್ತು, ಆದರೂ ತಿರುನೇಶ್ ಬಿಸಿಬಿಸಿಯಾಗಿ ಪೂರ್ತಿ ತಿಂದಳು.