ಎಳೆದು ತಂದವರು

ಜಿಗಣಿ ಕೆರೆಯಲ್ಲಿ ತೆಪ್ಪ ಮಗುಚಿದಾಗ ಹಣಮಂತ ಹೆಂಡತಿ ಮಹಾನಂದಾ ತೊಟ್ಟಿದ್ದ ಲೈಫ್ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಾಲಿಗೆ ಮೀನಿನ ಬಲೆ ಸುತ್ತಿಕೊಂಡಿತ್ತು. ಈಜು ಬಾರದ ಮಹಾನಂದಾ ಜಾಕೆಟ್ಟಿನ ಬಲದಲ್ಲಿ ತೇಲುತ್ತ, ಕೈಕಾಲು ಬಡಿಯುತ್ತ ಅವನನ್ನು ದಡಕ್ಕೆ ಎಳೆದು ತಂದಳು.

"ಕೃಷ್ಣಾ ಹೊಳಿಯಾಗ ಈಜಿ ಬೆಳದಾಂವ ನಾ, ನನಗ್ಯಾಕ ಅದು?" ಎಂದು ತೆಪ್ಪ ಹತ್ತುವಾಗ ಅವನು ತನ್ನ ಜಾಕೆಟ್ಟನ್ನು ದಡದಲ್ಲೇ ಬಿಸಾಕಿದ್ದ. ಹಾಕಿಕೊಂಡವಳನ್ನು ನೋಡಿ ನಕ್ಕಿದ್ದ.

ಓಡಿಬಂದ ಕೆರೆಯ ಕಾವಲುಗಾರ, "ಹೆಂಡ್ತೀನ ಉಳಿಸ್ಕೊಂಡ್ಬಿಟ್ರಿ ಅಣ್ಣ!" ಎಂದು ಬೆನ್ನು ತಟ್ಟಿದ. ಹಣಮಂತ ಕಾಲಿಗೆ ಸುತ್ತಿದ್ದ ಬಲೆ ಬಿಡಿಸತೊಡಗಿದ. ಮಹಾನಂದಾ ಗಂಡನ ಮುಖ ನೋಡಿ, "ಹೌದ್ರಿ, ಇವರಽ ಎಳಕೊಂಡ ಬಂದ್ರು," ಎಂದಳು.

ಅವನ ತಲೆ ತಗ್ಗಿತು. "ಸುಳ್ಳರಿ," ಎಂದ, ಕೆಮ್ಮುತ್ತ. "ಉಳಿಸಿದಾಕಿ ಈಕಿ. ನಾ ಮುಳಗಾಕತ್ತಿದ್ನಿ."