ಮಡಚುವ ಕುರ್ಚಿಯ ನಾಲ್ಕು ಗುರುತು

ಗಂಡನ ಸಮಾಧಿಯ ಪಕ್ಕದ ಹುಲ್ಲಿನ ಮೇಲೆ ಗುಡ್ರುನ್ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಎದುರಿಗೆ ಗುದ್ದಲಿ ಹಿಡಿದು ನಿಂತಿದ್ದ, ಸ್ಮಶಾನದಲ್ಲಿ ಗುಂಡಿ ತೋಡುವ ಟೋರ್ಡ್‌ನ ಕಡೆ ನೋಡದೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡಳು.

"ಏಳು ಮಾರಾಯ್ತಿ. ನಾಳೆ ಲಿಂಡಾಲ್‌ನ ಮಣ್ಣು. ಚರ್ಚ್ ಕಚೇರಿಯವರ ಕಂಪ್ಯೂಟರ್ ನಕ್ಷೆ ಇಲ್ಲೇ ಅಗೆ ಅಂತಿದೆ."

"ಈ ಜಾಗ ನಂದು. ಸ್ಟೂರೆ ಹೋದಾಗಲೇ ಬರೆಸಿಟ್ಟಿದ್ದೀನಿ. ನಲವತ್ತೆಂಟು ವರ್ಷ ಅವನ ಪಕ್ಕ ಮಲಗಿದೋಳು ನಾನು. ಈಗ ನಡುವೆ ಲಿಂಡಾಲ್‌ನ ತಂದು ಹಾಕ್ತೀಯಾ? ಬದುಕಿದ್ದಾಗಲೇ ಅವನ ಗೊರಕೆ ಬೀದಿಗೆಲ್ಲ ಕೇಳ್ತಿತ್ತು!"

ಟೋರ್ಡ್ ಗುದ್ದಲಿ ಕೆಳಗಿಟ್ಟು, ಆ ನಕ್ಷೆ ಮಾಡಿಕೊಟ್ಟ ತೂವಾಳಿಗೆ ಫೋನ್ ಮಾಡಿದ. ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಅವಳು ನೇರ ಬಂದಳು. ಕೋಟಿನ ತೋಳಿಗೆ ಓಟ್ಸ್ ಗಂಜಿ ಮೆತ್ತಿತ್ತು. ತನ್ನ ಲ್ಯಾಪ್‌ಟಾಪಿನಲ್ಲಿ ನಕ್ಷೆಯ ಕೆಳಸಾಲಿನಲ್ಲಿ, ಲಿಂಡಾಲ್‌ಗೆ ಕೊಟ್ಟಿದ್ದ ಜಾಗದ ಮೇಲೆ ಮೌಸ್ ಒತ್ತಿ ತೋರಿಸಿದಳು. ಗುರುತು ಅಲ್ಲೇ ಬಿತ್ತು.

"ನೋಡಿ, ಸರಿಯಾಗೇ ಇದೆ."

"ನಿಂದರಲ್ಲಿ ಸರಿಯಾಗೇ ಇರುತ್ತೆ. ಕಚೇರೀದರಲ್ಲಿ ಒತ್ತು ಬಾ," ಎಂದು ಟೋರ್ಡ್ ಅವಳನ್ನು ಒಳಗೆ ಕರೆದೊಯ್ದ.

ಕಚೇರಿಯ ಕಂಪ್ಯೂಟರ್ ಹಳೆಯದು, ಬ್ರೌಸರ್ ಇನ್ನೂ ಹಳೆಯದು, ಪರದೆ ಚಿಕ್ಕದು. ಕೆಳಸಾಲು ಕಾಣಬೇಕಾದರೆ ಪುಟವನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆ ಸರಿಸಬೇಕು. ತೂವಾ ಸರಿಸಿ ಒತ್ತಿದಳು. ಗುರುತು ನಾಲ್ಕು ಬೆರಳು ಮೇಲೆ, ಸ್ಟೂರೆಯ ಪಕ್ಕದಲ್ಲಿ ಬಿತ್ತು.

ಅವಳಿಗೆ ತಕ್ಷಣ ಹೊಳೆಯಿತು. ಹೊಸ ಬ್ರೌಸರ್‌ಗಳು ಒತ್ತಿದ ಜಾಗವನ್ನು ಪುಟದ ತಲೆಯಿಂದ ಅಳೆದು ಹೇಳುತ್ತವೆ. ಇದಕ್ಕೆ ಆ ಲೆಕ್ಕ ಗೊತ್ತಿಲ್ಲ. ಪರದೆಯ ಮೇಲೆ ಕಾಣುವ ಕಿಟಕಿಯ ಅಂಚಿನಿಂದ ಮಾತ್ರ ಅಳೆಯುತ್ತದೆ. ಪುಟ ಎಷ್ಟು ಸರಿದಿದೆಯೋ ಅಷ್ಟನ್ನು ನಾವೇ ಕೂಡಿಸಬೇಕು. ಅವಳು ಕೂಡಿಸಿರಲಿಲ್ಲ. ಅವಳ ಲ್ಯಾಪ್‌ಟಾಪಿನ ದೊಡ್ಡ ಪರದೆಯಲ್ಲಿ ಇಡೀ ಸ್ಮಶಾನ ಒಂದೇ ನೋಟಕ್ಕೆ ಸಿಗುತ್ತಿತ್ತು; ಪುಟ ಸರಿಸುವ ಪ್ರಸಂಗವೇ ಬಂದಿರಲಿಲ್ಲ.

"ನಾವು ಚರ್ಚಿನ ಗೋಡೆ ಮೂಲೆಯಿಂದ ಅಳೀತೀವಿ. ನೀನು?" ಎಂದ ಟೋರ್ಡ್.

"ಕಿಟಕಿಯಿಂದ."

"ಗೋಡೆ ಜರುಗಲ್ಲ ನೋಡು," ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡ.

ತೂವಾ ಪ್ರೋಗ್ರಾಮಿನ ಒಂದು ಸಾಲು ತಿದ್ದಿದಳು. ಮತ್ತೆ ಒತ್ತಿದಾಗ ಗುರುತು ಕೆಳಸಾಲಿಗೆ ಹೋಗಿ ಕುಳಿತಿತು. ಹೊರಗೆ ಬಂದು, "ತಪ್ಪು ನಂದೇ ಅಮ್ಮ. ಸರಿಮಾಡಿದ್ದೀನಿ. ಈ ಜಾಗ ನಿಮ್ಮದೇ," ಎಂದಳು.

ಗುಡ್ರುನ್ ಕಾಫಿಯ ಕೊನೆಯ ಗುಟುಕು ಮುಗಿಸಿದಳು. "ಇವತ್ತೇನೋ ಬಂದು ಕೂತೆ. ನಾನು ಇಲ್ಲಿಗೆ ಕಾಯಂ ಬರೋ ದಿನ ಎದ್ದು ಕೂತು ಜಗಳ ಆಡೋಕಾಗಲ್ಲ, ಮಗಳೇ."

ಅವಳು ಕುರ್ಚಿ ಮಡಚಿದಳು. ಒದ್ದೆ ಹುಲ್ಲಿನಲ್ಲಿ ಅದರ ಕಾಲುಗಳ ನಾಲ್ಕು ಗುಳಿ ಉಳಿದವು. "ನಿನ್ನ ಜಾಗಾನ ಗೋಡೆಯಿಂದ ಅಳೆದು ಬರೆದಿಡ್ತೀವಿ," ಎಂದು ಟೋರ್ಡ್ ಜೇಬಿನಿಂದ ಅಳತೆ ಟೇಪು ತೆಗೆದು ಒಂದು ತುದಿಯನ್ನು ತೂವಾಳ ಕೈಗಿತ್ತು ಗೋಡೆಯ ಕಡೆ ಕೈತೋರಿದ; ಇನ್ನೊಂದು ತುದಿಯನ್ನು ಆ ನಾಲ್ಕು ಗುಳಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಕುಕ್ಕರುಗಾಲಲ್ಲಿ ಕುಳಿತ.