ಭಾವನ ಬೋಟು

ಹೊಳೆಯ ದಡದಲ್ಲಿ ಬೋಟು ನಿಲ್ಲಿಸಲೆಂದು ನಮ್ಮ ದಕ್ಕೆಯನ್ನು ಕಟ್ಟಿಸಿದ ಮಹಾಶಯರಿಗೆ ಬೋಟು ಎಷ್ಟು ಉದ್ದವಿರುತ್ತದೆಂದೇ ಗೊತ್ತಿರಲಿಲ್ಲ. ಹಾಗಾಗಿ ಜಾಗ ಸಾಲದೆ, ಮೊದಲು ಬಂದ ಬೋಟನ್ನು ದಕ್ಕೆಯ ಕಂಬಕ್ಕೆ, ಆಮೇಲೆ ಬಂದ ಬೋಟನ್ನು ಆ ಬೋಟಿಗೆ ಕಟ್ಟುವುದು ರೂಢಿ. ಬಿರುಗಾಳಿ ಬರುತ್ತದೆಂದು ಮೈಕಿನಲ್ಲಿ ಕೂಗಿದ ದಿನ ಹೆರಿಯಣ್ಣನ ಬೋಟಿನ ಮಗ್ಗುಲಿಗೆ ಬಂದು ನಿಂತದ್ದು, ಮಾತು ಬಿಟ್ಟು ಎರಡು ವರ್ಷವಾಗಿದ್ದ ಅವನ ತಂಗಿಯ ಗಂಡ ಶೀನನ ಬೋಟು.

“ನಿನ್ ದರಿದ್ರ ಬೋಟು ಗಾಳಿಗೆ ಕುಣಿದು ನನ್ ಹಲಗೆ ಒಡೆದ್ರೆ, ನಿನ್ ಮಂಡೆ ಒಡಿತೆ!” ಎಂದ ಹೆರಿಯಣ್ಣ.

“ಗಟ್ಟಿ ಕಟ್ಟಿದ್ದೆ, ಭಾವ.”

“ನೀ ಕಟ್ಟಿದ್ದಾ? ನೀ ಮುಂಡು ಕಟ್ಟಿರೆ ದಾರಿಯಲ್ಲೇ ಬೀಳತ್ತ್. ಆಚೆ ಸರಿ!”

ಹೆರಿಯಣ್ಣ ತಾನೇ ಕಟ್ಟಲು ಕೂತ. ಎರಡು ಬೋಟುಗಳ ನಡುವೆ ಹಳೆ ಟಯರು ತುರುಕಿ, ಮುಂದೊಂದು ಹಿಂದೊಂದು ಹಗ್ಗ ಬಿಗಿದ. ಸಮಾಧಾನವಾಗಲಿಲ್ಲ. ಕೈಗೆ ಸಿಕ್ಕಿದ ಹಗ್ಗವನ್ನೆಲ್ಲ ತಂದು ಸುತ್ತಿದ. ಶೀನ ಬಾಯಿ ತೆರೆದಾಗಲೆಲ್ಲ ಒಂದು ಬೈಗುಳ, ಅದರ ಬೆನ್ನಿಗೆ ಇನ್ನೊಂದು ಗಂಟು.

ಮಾರನೆಯ ಮಧ್ಯಾಹ್ನ ಗಾಳಿ ನಿಂತ ಮೇಲೆ ಇಬ್ಬರೂ ದಕ್ಕೆಗೆ ಓಡಿಬಂದರು. ಅವರ ಜಾಗ ಖಾಲಿಯಿತ್ತು. ಎರಡೂ ಬೋಟುಗಳು ಹೊಳೆಯ ಆಚೆ ದಡದ ಬಂಡೆಗಳ ಮೇಲೆ ಹೊಟ್ಟೆ ಒಡೆದುಕೊಂಡು ಬಿದ್ದಿದ್ದವು.

“ನಿಮ್ ಗಂಟು ಬಿಚ್ಚಿ ಹೋಯ್ತಲ್ಲ, ಭಾವ!” ಶೀನ ಎದೆ ಬಡಿದುಕೊಂಡ.

“ನನ್ ಗಂಟಾ? ಬಾಯಿ ಮುಚ್ಚು! ನಿನ್ ಬೋಟು ಒಂಚೂರೂ ಅಲ್ಲಾಡೂಕಾಗ ಅಂತ, ದಕ್ಕೆ ಕಂಬಕ್ಕಿದ್ದ ಹಗ್ಗವನ್ನೂ ಬಿಚ್ಚಿ ತಂದು ಅದಕ್ಕೇ ಬಿಗಿದವ ನಾನು!”